ಬೆನ್ನಿಗೆ ಬಂದ ಪುಟ್ಟ ಫ್ಯಾನು

ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವ ಯಂತ್ರದ ಮೋಟಾರಿಗೆ ಗೊತ್ತಿದ್ದದ್ದು ಒಂದೇ ವೇಗ. ಆ ಓಟಕ್ಕೆ ಮಣ್ಣು ಹದಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಫಿಟ್ಟರ್ ಲಿಗೋರಿಯವರು ವೇಗ ತಗ್ಗಿಸುವ ಡ್ರೈವ್ ಎಂಬ ಪೆಟ್ಟಿಗೆಯೊಂದನ್ನು ಗೋಡೆಗೆ ಕೂರಿಸಿ, ಮೋಟಾರಿನ ಬೆನ್ನಿಗೆ ಪುಟ್ಟ ಫ್ಯಾನೊಂದನ್ನು ಬಿಗಿದರು.

“ಇದೇಕೆ? ನನ್ನ ಜೊತೆಗೇ ತಿರುಗುವ ರೆಕ್ಕೆಗಳಿವೆ, ನನ್ನ ಗಾಳಿ ನಾನೇ ಬೀಸಿಕೊಳ್ಳಬಲ್ಲೆ,” ಎಂದಿತು ಮೋಟಾರು.

“ಜೋರಾಗಿ ಓಡುವಾಗ ಮಾತ್ರ,” ಎಂದಿತು ಡ್ರೈವ್. “ನಿಧಾನವಾಗಿ ತಿರುಗಿದರೆ ನಿಮ್ಮ ಗಾಳಿ ಕಡಿಮೆಯಾಗುತ್ತದೆ. ಮಣ್ಣಿನ ಭಾರ ಕಡಿಮೆಯಾಗುವುದಿಲ್ಲ.”

ಲಿಗೋರಿಯವರಿಗೆ ಅವಸರ. “ಫ್ಯಾನಿಗೆ ವಯರ್ ನಾಳೆ ಕೊಡುವ, ಮೊದಲು ಮಣ್ಣು ನೋಡುವ,” ಎಂದು ಸ್ವಿಚ್ ಒತ್ತಿದರು.

ಮಣ್ಣು ಬೆಣ್ಣೆಯಂತಾಯಿತು. ಆದರೆ ಮಧ್ಯಾಹ್ನದೊಳಗೆ ಮೋಟಾರು ಕಾದ ಕಾವಲಿಯಾಯಿತು. ಸುಟ್ಟುಹೋಗುವ ಮೊದಲೇ ಡ್ರೈವ್ ಅದನ್ನು ನಿಲ್ಲಿಸಿತು. ಲಿಗೋರಿಯವರು ಮುಟ್ಟಿ ನೋಡಿ, “ಅಯ್ಯೋ!” ಎಂದು ಕೈ ಕೊಡವಿಕೊಂಡು, ಓಡಿಹೋಗಿ ವಯರ್ ತಂದು ಫ್ಯಾನಿಗೆ ಜೋಡಿಸಿದರು.

ಸಂಜೆ ಕೆಲಸ ಮುಗಿದು ಮೋಟಾರು ನಿಂತಿತು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

“ನಾನು ನಿಂತೆನಲ್ಲ, ನೀನಿನ್ನೂ ಏಕೆ ದಣಿಯುತ್ತೀ?” ಎಂದು ಮೋಟಾರು ಕೇಳಿತು.

“ನಿಮ್ಮ ಮೈ ಇನ್ನೂ ಬಿಸಿಯಿದೆಯಲ್ಲ,” ಎಂದಿತು ಫ್ಯಾನು.

ಮೋಟಾರು ಮೆಲ್ಲಗೆ ಹೇಳಿತು: “ತಮ್ಮಾ, ನಿನ್ನೆಯವರೆಗೆ ಓಡುವಾಗ ಸಿಕ್ಕ ಗಾಳಿಯೆಲ್ಲ ನಾನೇ ಬೀಸಿಕೊಂಡದ್ದು. ನಿಂತ ಮೇಲೆ ನನಗೆ ಗಾಳಿ ಬೀಸಿದವನು ನೀನೊಬ್ಬನೇ.”