ದಿಲ್ಲಿ ಕಂಬಳಿ, ನಮ್ಮ ಕಂಬಳಿ

ಕಣ್ಣಾರೆ ಕಂಡದ್ದು ಹೇಳ್ತೀನಿ, ಸುಳ್ಳಾದ್ರೆ ನನ್ನ ಮೀಸೆ ಬೋಳಿಸಿ. ನಮ್ಮೂರಲ್ಲಿ ಕೇಂದ್ರ ಸರ್ಕಾರದ್ದೊಂದು ಉಗ್ರಾಣ ಇತ್ತು. ಅದರ ಕಾವಲುಗಾರರಿಗೆ ಕಂಬಳಿ ಬರ್ತಿದ್ದದ್ದು ದಿಲ್ಲಿಯಿಂದ. ಇತ್ತ ಕೊಳ್ಳೋರಿಲ್ಲದೆ ನಮ್ಮ ಕೇರಿಯ ಹನ್ನೆರಡು ಮಗ್ಗದಲ್ಲಿ ಒಂಬತ್ತು ನಿಂತುಹೋಗಿದ್ದವು.

ಒಬ್ಬ ನೇಕಾರ ತನ್ನ ಕಂಬಳಿ ಹೊತ್ತು ಉಗ್ರಾಣದ ಸಾಹೇಬರ ಹತ್ತಿರ ಹೋದ. ಸಾಹೇಬರು ಮೂಗು ಮುರಿದರು. "ಹಳ್ಳಿ ಮಾಲು ಬೇಡಪ್ಪ. ಗುಣಮಟ್ಟ ಅಂತ ಒಂದಿದೆ. ದಿಲ್ಲಿ ಮಾಲಿಗೆ ಮೊಹರಿದೆ."

"ನೀರು ಸುರಿದು ನೋಡೇಬಿಡೋಣ ಬುದ್ಧಿ" ಅಂದ ನೇಕಾರ. ನಮ್ಮಲ್ಲಿ ಕಂಬಳಿ ಪರೀಕ್ಷೆ ಮಾಡೋದೇ ಹಾಗೆ. ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ ತೊಟ್ಟು ನೀರೂ ಇಳಿಸೋದಿಲ್ಲ.

ಉಗ್ರಾಣದಿಂದ ಒಂದು ದಿಲ್ಲಿ ಕಂಬಳಿ ತರಿಸಿ, ಅಂಗಳದಲ್ಲಿ ಎರಡೂ ಕಂಬಳಿಯ ಮೂಲೆ ಹಿಡಿಸಿ ಚಪ್ಪರ ಮಾಡಿಸಿದ. ಒಂದು ಮೂಲೆ ಹಿಡಿದವನು ನಾನೇ. ಆನೆ ಜಗ್ಗಿದ್ರೂ ಬಿಡ್ತಿರಲಿಲ್ಲ.

"ಒಂದರ ಕೆಳಗೆ ತಾವು ಕೂರಿ, ಇನ್ನೊಂದರ ಕೆಳಗೆ ನಾನು. ಯಾವುದು ಬೇಕೋ ತಾವೇ ಆರಿಸ್ಕೊಳ್ಳಿ" ಅಂತ ನೇಕಾರ, ಸುರಿಯೋರ ಕೈಗಿಡೋಕೆ ನೀರು ತುಂಬಿದ ಕೊಡ ಎತ್ತಿಕೊಂಡ.

ಸಾಹೇಬರು ತಲೆ ಎತ್ತಿ ನೋಡಿದರು. ದಿಲ್ಲಿ ಕಂಬಳಿಯೊಳಗಿಂದ ಸೂರ್ಯ ಕಾಣ್ತಿದ್ದ. ತಮ್ಮ ಇಸ್ತ್ರಿ ಅಂಗಿ ನೋಡಿಕೊಂಡರು. ಮೆಲ್ಲಗೆ ಬಂದು ನೇಕಾರನ ಕಂಬಳಿ ಕೆಳಗೆ ಕೂತರು.

ನೇಕಾರ ಕೊಡ ಕೆಳಗಿಟ್ಟ. "ಇನ್ನು ನೀರು ಯಾಕೆ ದಂಡ ಬುದ್ಧಿ? ಗುಣಮಟ್ಟ ತಾವೇ ತೋರಿಸಿದ್ರಲ್ಲ."

ಸಾಹೇಬರು ನಕ್ಕುಬಿಟ್ಟರು. ಕೂತಲ್ಲೇ ಕಾಗದ ತರಿಸಿ ಇನ್ನೂರು ಕಂಬಳಿಗೆ ಬರೆದುಕೊಟ್ಟರು. ಮಾರನೇ ದಿನ ಹನ್ನೆರಡೂ ಮಗ್ಗ ಒಟ್ಟಿಗೆ ಶುರುವಾದವು ನೋಡಿ, ಆ ಸದ್ದಿಗೆ ದಿಲ್ಲಿಯಲ್ಲಿ ಮಲಗಿದ್ದೋರಿಗೂ ಎಚ್ಚರ ಆಯ್ತಂತೆ.