ಮಡಿವಂತ ಮೊಲಕ್ಕನ ಬಸಳೆ ಪಾತಿ

ಬೇಸಗೆ ಬಂತೆಂದರೆ ಹುಲ್ಲುಕಡ್ಡಿಯೂ ಉಳಿಯದಂಥ ಒಂದು ಬಂಡೆಗುಡ್ಡ. ಅಲ್ಲೊಂದು ದೊಣೆ, ಅಂದರೆ ಬಂಡೆಯೊಳಗೇ ನೀರು ನಿಂತ ಗುಂಡಿ. ಅದರಲ್ಲಿ ಒಂದು ಗೆಂಡೆಮೀನು ಮರಿಗಳನ್ನು ಕಟ್ಟಿಕೊಂಡು ಬಾಳುತ್ತಿತ್ತು. ಎಲ್ಲರೂ ಅವಳನ್ನು ಗೆಂಡಮ್ಮ ಅನ್ನುತ್ತಿದ್ದರು.

ದೊಣೆಯ ಮೇಲೆ ಚಾಚಿದ ಬಂಡೆಯಲ್ಲಿ ಹರಳುಕಲ್ಲಿನ ಪಾತಿ. ಹಿಡಿ ಮಣ್ಣಿಲ್ಲ, ಆದರೂ ಬಸಳೆ ಬಳ್ಳಿ ಕೊಬ್ಬಿ ನಿಂತಿತ್ತು! ಹೇಗೆ ಗೊತ್ತೇ ಮಕ್ಕಳೇ? ಕೋತಿ ಕೋಡಗಣ್ಣ ಸೋರೆಬುರುಡೆಯಲ್ಲಿ ದೊಣೆಯ ನೀರು ಮೊಗೆದು ಪಾತಿಗೆ ಹೊಯ್ಯುತ್ತಿದ್ದ. ಆ ನೀರು ಹರಳುಗಳ ನಡುವೆ ಸೋಸಿಕೊಂಡು, ತೊಟತೊಟ ಅಂತ ಮತ್ತೆ ದೊಣೆಗೇ ಬೀಳುತ್ತಿತ್ತು. ಕೂಲಿಗೆ ಅವನಿಗೆ ಬಸಳೆ ಕುಡಿ. ಹೋಗುತ್ತ ಬರುತ್ತ ಮೀನುಗಳಿಗೂ ಒಂದಿಷ್ಟು ಗೆದ್ದಲು ಉದುರಿಸುತ್ತಿದ್ದ.

ಪಕ್ಕದ ಪೊದೆಯಲ್ಲಿ ಮೊಲಕ್ಕ. ಸುತ್ತ ಎಲ್ಲ ಒಣಗಿತ್ತು, ಅವಳ ಮರಿಗಳಿಗೆ ಈ ಬಸಳೆಯೇ ಗತಿ. ಮೊಲಕ್ಕ ಒಳ್ಳೆಯವಳೇ. ಆದರೆ ಬಲು ಮಡಿ. ಮೀಸೆ ತೊಳೆಯದೆ ಎಲೆ ಮುಟ್ಟುವವಳಲ್ಲ.

ಒಂದು ದಿನ ಅವಳು ದೊಣೆಯೊಳಗೆ ಬಗ್ಗಿ ನೋಡಿದಳು. ನೋಡಿದ್ದೇ ಹೌಹಾರಿದಳು.

"ಅಯ್ಯಯ್ಯೋ ಕೋಡಗಣ್ಣಾ! ಈ ಮೀನುಗಳು ನೀರಲ್ಲೇ ಕಕ್ಕ ಮಾಡ್ತಾವೆ!"

"ಇನ್ನೇನು, ಚೊಂಬು ಹಿಡಕೊಂಡು ಪೊದೆ ಮರೆಗೆ ಹೋಗ್ತಾವಾ?"

"ನಗಬೇಡ! ಈ ನೀರನ್ನಾ ನೀನು ಪಾತಿಗೆ ಹೊಯ್ದಿದ್ದು? ನನ್ನ ಮಕ್ಕಳು ತಿಂದದ್ದು ಇದನ್ನಾ? ಥೂ! ಇನ್ನು ಮೇಲೆ ಗುಡ್ಡದಾಚೆಯ ಒರತೆ ನೀರೇ ಆಗಬೇಕು."

"ಅಲ್ಲಿಂದ ಹೊತ್ತರೆ ನನ್ನ ಸೊಂಟ ಬಿದ್ದುಹೋಗುತ್ತೆ ಕಣಕ್ಕ."

"ಬಿದ್ದರೆ ಉಜ್ಜಿ ಕೊಡ್ತೀನಿ. ನಡಿ!"

ಇದೆಲ್ಲ ಗೆಂಡಮ್ಮನ ಕಿವಿಗೆ ಬಿತ್ತು. ಅವಳು ಮರಿಗಳನ್ನು ಕರೆದುಕೊಂಡು ಕಲ್ಲಿನ ಸಂದಿಗೆ ಸರಿದಳು.

ಕೋಡಗಣ್ಣ ಒರತೆಯಿಂದ ನೀರು ಹೊತ್ತ. ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು, ಉಳಿದದ್ದನ್ನು ಪಾತಿಯೇ ಹೀರುತ್ತಿತ್ತು. ದೊಣೆಗೆ ಒಂದು ಹನಿಯೂ ಇಳಿಯಲಿಲ್ಲ. ಒರತೆ ನೀರೇನೋ ಕನ್ನಡಿಯ ಹಾಗೆ ತಿಳಿಯಾಗಿತ್ತು. ಬಸಳೆ ಮಾತ್ರ ದಿನದಿನಕ್ಕೆ ಹಳದಿಗಟ್ಟಿತು. ಎಲೆ ಉದುರಿತು, ಕುಡಿ ಮುರುಟಿತು. ಕೊನೆಗೆ ಕೋಡಗಣ್ಣ ಸೊಂಟ ಹಿಡಿದುಕೊಂಡು ಮಲಗಿಯೇಬಿಟ್ಟ.

"ಅಮ್ಮಾ, ಹಸಿವು," ಅಂದವು ಮೊಲಕ್ಕನ ಮರಿಗಳು.

ಅಷ್ಟರಲ್ಲಿ ದೊಣೆಯಿಂದ ಗಬ್ಬು ವಾಸನೆ ಎದ್ದಿತು. ಮೊಲಕ್ಕ ಜಗಳಕ್ಕೆಂದೇ ಹೋದಳು. "ಏನೇ ಗೆಂಡಮ್ಮಾ, ಏನಿದು ನಾತ?"

ಮೀನುಮರಿಗಳೆಲ್ಲ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ಅಕ್ಕಾ," ಅಂದಳು ಗೆಂಡಮ್ಮ ಏದುಸಿರಲ್ಲಿ, "ನಮ್ಮ ಕೊಳೆಯನ್ನು ನಿನ್ನ ಬಸಳೆ ಉಣ್ಣುತ್ತಿತ್ತು. ಉಂಡು, ನೀರು ಸೋಸಿ ನಮಗೆ ಕೊಡುತ್ತಿತ್ತು. ಈಗ ಅದಕ್ಕೆ ಊಟವಿಲ್ಲ, ನಮಗೆ ಉಸಿರಿಲ್ಲ. ನನ್ನ ಕಿರಿಯವನು ಸಂಜೆವರೆಗೆ ಬದುಕುತ್ತಾನೋ ಇಲ್ಲವೋ."

"ಮೊದಲೇ ಹೇಳಬಾರದಿತ್ತೇನೇ?"

"ಥೂ ಅಂದೆಯಲ್ಲ. ನಾಚಿಕೆಯಾಯಿತು."

ಮೊಲಕ್ಕ ಸೋರೆಬುರುಡೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ದೊಣೆಗೆ ಇಳಿದೇಬಿಟ್ಟಳು. ಮೊಗೆದಳು, ಹತ್ತಿದಳು, ಹೊಯ್ದಳು. ಜಾರಿ ಬಿದ್ದಳು, ಮತ್ತೆ ಮೊಗೆದಳು. ಮೈಯೆಲ್ಲ ಪಾಚಿ, ಕಿವಿಯೆಲ್ಲ ಕೆಸರು. ಕೊನೆಗೆ ಪಾತಿಯಿಂದ ತೊಟತೊಟ ಅಂತ ತಿಳಿನೀರು ಇಳಿಯಿತು. ಸಂಜೆಯ ಹೊತ್ತಿಗೆ ಗೆಂಡಮ್ಮನ ಕಿರಿಯವನು ಬಾಲ ಆಡಿಸಿದ.

"ಅಮ್ಮಾ, ದೂರ ಇರು! ನೀನೇ ಮೀನು ನಾತ!" ಅಂದವು ಮೊಲದ ಮರಿಗಳು.

"ನಾತವಾದರೆ ಆಗಲಿ. ನೀವೂ ಬನ್ನಿ, ಬುರುಡೆ ತಳ್ಳಿ," ಅಂದಳು ತಾಯಿ.

ಉಳಿದ ಹಳದಿ ಎಲೆಯಲ್ಲೇ ಅವು ಹೇಗೋ ದಿನ ದೂಡಿದವು. ಆಮೇಲೆ ಬಳ್ಳಿ ಹಸಿರಾಯಿತು. ಮೊದಲ ಕುಡಿಯನ್ನು ಮೊಲಕ್ಕ ಕಚ್ಚಿ ತಂದು ದೊಣೆಗೆ ಹಾಕಿದಳು. "ಗೆಂಡಮ್ಮಾ, ಇದು ನಿನ್ನ ಮಕ್ಕಳಿಗೆ."

ಗೆಂಡಮ್ಮ ನಕ್ಕಳು. "ತೊಳೆದು ತಂದೆಯಾ ಅಕ್ಕಾ?"

"ಎಲ್ಲಿ ತೊಳೆಯಲಿ? ನಿನ್ನ ಮನೆಯ ನೀರಲ್ಲೇ ತೊಳೆದೆ ಕಣೇ," ಅಂದಳು ಮೊಲಕ್ಕ.

ನೀತಿ: ಒಬ್ಬರ ಕೊಳೆ ಇನ್ನೊಬ್ಬರ ಊಟ; ಹೇಸಿ ನಂಟು ಕಡಿದುಕೊಂಡರೆ ಇಬ್ಬರ ಮಕ್ಕಳಿಗೂ ಉಪವಾಸ.