ಬೆವರಿದ ಲೆನ್ಸು

“ಸ್ವಾಮಿಗಳೇ, ನನಗೆ ಮಠದಲ್ಲಿ ಒಂದು ಕೋಣೆ ಕೊಡುತ್ತೀರಾ?” ಎಂದು ಪಾತ್ರೆ ವ್ಯಾಪಾರಿ ಪೂವಪ್ಪ ಕೇಳಿದ.

“ಯಾಕೆ?” ಎಂದರು ಸ್ವಾಮಿಗಳು.

“ತಿಂಗಳಿಗೊಮ್ಮೆ ಬಂದು ಇಲ್ಲಿ ಕೂರುತ್ತೇನೆ. ಕೂತಷ್ಟು ಹೊತ್ತು ಮನಸ್ಸು ತಿಳಿನೀರು. ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಕದಡುತ್ತದೆ. ಗಿರಾಕಿ ಒಂದು ಕೊಳಗಕ್ಕೆ ಚೌಕಾಸಿ ಮಾಡಿದರೆ ಸಾಕು, ಬಯ್ದುಬಿಡುತ್ತೇನೆ. ಮೊನ್ನೆ ಅಪ್ಪನ ಕಾಲದ ಗಿರಾಕಿಯೊಬ್ಬರು ಮುಖ ತಿರುಗಿಸಿ ಎದುರಂಗಡಿಗೆ ಹೋದರು. ತಿಂಗಳಿಗೊಮ್ಮೆ ಕೂತರೆ ಸಾಲದು ಅಂತ ಕಾಣುತ್ತದೆ. ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ ಇಲ್ಲೇ ಇದ್ದುಬಿಡಲೇ?”

ಸ್ವಾಮಿಗಳು ಒಂದು ಕತೆ ಹೇಳಿದರು.

ಕಡಲ ತೀರದ ಪೇಟೆಯಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ ಮುಂಜಿಗಳ ಫೋಟೋ ಅವನ ಹೊಟ್ಟೆಪಾಡು. ನಸುಕಿನ ಆಕಾಶದ ಫೋಟೋ ಅವನ ಹುಚ್ಚು. ಬೆಳ್ಳಿ ಮೂಡುವ ಹೊತ್ತಿಗೆ ತಾರಸಿಯ ಮೇಲಿರುತ್ತಿದ್ದ. ಯಾವ ಗ್ರಹ ಎಲ್ಲಿದೆ, ಮನುಷ್ಯರನ್ನು ಹೊತ್ತು ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣ ಯಾವಾಗ ಯಾವ ದಿಕ್ಕಿನಿಂದ ಹಾಯುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

ಸ್ಟುಡಿಯೋದ ಮೂಲೆಯಲ್ಲಿ ಬಿದ್ದಿರುತ್ತಿದ್ದ ಅವನ ಹಳೆಯ ಲೆನ್ಸಿಗೆ ಕಡಲ ಗಾಳಿಯಿಂದ ಬೂಷ್ಟು ಹಿಡಿಯಿತು. ಒಳ್ಳೆಯ ಹೊಸ ಲೆನ್ಸ್ ಕೊಂಡ. ಇದಕ್ಕೆ ಹಾಗಾಗಬಾರದು ಎಂದು ಮಲಗುವ ಕೋಣೆಯಲ್ಲಿ ಏಸಿಯ ನೇರ ಕೆಳಗೆ ಇಟ್ಟ. ಹಗಲೂ ರಾತ್ರಿ ಏಸಿ ಓಡುತ್ತಿತ್ತು. ಸಣ್ಣಪುಟ್ಟ ಕೆಲಸಕ್ಕೆ ಲೆನ್ಸನ್ನು ಹೊರಗೆ ತೆಗೆಯಲೇ ಇಲ್ಲ.

“ಮದುಮಗಳನ್ನೂ ಯಾರೂ ಇಷ್ಟು ಜೋಪಾನ ಮಾಡುವುದಿಲ್ಲ ಮಾರಾಯ್ರೇ,” ಎಂದಳು ಹೆಂಡತಿ.

“ನೀನು ಸುಮ್ಮನಿರು. ಇದು ನಿನ್ನ ಉಪ್ಪಿನಕಾಯಿ ಭರಣಿಯಲ್ಲ,” ಎಂದ ಅವನು.

ಒಂದು ಯೋಗ ಕೂಡಿಬಂತು. ಶುಕ್ರ, ಮಂಗಳ ಎರಡೂ ಮೂಡಣದಲ್ಲಿ ಅಕ್ಕಪಕ್ಕ ನಿಲ್ಲುವ ದಿನವೇ ಬಾಹ್ಯಾಕಾಶ ನಿಲ್ದಾಣ ಅವೆರಡರ ನಡುವೆ ಹಾದುಹೋಗುವುದಿತ್ತು. ಅಂಥದ್ದು ಮತ್ತೆ ಯಾವ ಕಾಲಕ್ಕೋ. ವಿಜ್ಞಾನದ ಮಾಸಪತ್ರಿಕೆಯೊಂದು ಆ ಫೋಟೋಗಾಗಿ ಮುಖಪುಟವನ್ನೇ ಕಾದಿರಿಸಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹೆಸರು ಪೇಟೆಯ ಆಚೆಗೆ ಹೋಗುವುದಿತ್ತು. ಬೀದಿಗೆಲ್ಲ ಹೇಳಿಕೊಂಡೂ ಆಗಿತ್ತು. ಸರಕು ಅಂಗಡಿಗೆ ಬರುವ ಮೊದಲೇ ಡಂಗುರ ಸಾರುವವರು ಎಲ್ಲ ಕಸುಬಿನಲ್ಲೂ ಇದ್ದಾರೆ.

ಅಂದು ನಸುಕಿನಲ್ಲಿ ಸ್ಟ್ಯಾಂಡು ಹೂಡಿ ಕ್ಯಾಮೆರಾ ಸಿಕ್ಕಿಸಿದ. ಲೆನ್ಸನ್ನು ಮಾತ್ರ ಕೊನೆಯ ಗಳಿಗೆಯವರೆಗೂ ಕೋಣೆಯಲ್ಲೇ ಇರಿಸಿದ. ಇನ್ನೇನು ನಿಲ್ದಾಣ ಬರುತ್ತದೆ ಅನ್ನುವಾಗ ಓಡಿಹೋಗಿ ತಂದು ಕೂರಿಸಿದ. ಕಣ್ಣಿಟ್ಟು ನೋಡಿದರೆ ಆಕಾಶವೆಲ್ಲ ಹಾಲು. ಗಾಜಿನ ಮೇಲೆ ಮಂಜು ಕಟ್ಟಿತ್ತು. ಬಟ್ಟೆಯಿಂದ ಒರೆಸಿದ. ಒರೆಸಿದ ಬೆನ್ನಿಗೇ ಮತ್ತೆ ಕಟ್ಟಿತು. ಬಟ್ಟೆ ಒದ್ದೆಯಾಯಿತು. ಬನಿಯನ್ನಿನ ತುದಿ ಎಳೆದು ಒರೆಸಿದ. ಮತ್ತೆ ಕಟ್ಟಿತು.

ಹೆಂಡತಿ ಹಿಂದೆ ನಿಂತು ಬರಿಗಣ್ಣಲ್ಲಿ ನೋಡುತ್ತಿದ್ದಳು.

“ಅಗೋ ಬಂತು! ಬೆಳ್ಳಿಯ ಹತ್ತಿರ ಬಂತು… ಓ, ದಾಟಿಯೇಬಿಟ್ಟಿತು! ತೆಗೆದಿರಾ?”

ಅವನು ಒರೆಸುತ್ತಿದ್ದ.

ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ನಿಲ್ದಾಣ ಆಕಾಶ ದಾಟಿ ಮರೆಯಾಯಿತು. ಹೊರಗಿನ ಬಿಸಿ ಹತ್ತಿದ ಮೇಲೆ ಲೆನ್ಸ್ ತಾನಾಗಿ ತಿಳಿಯಾಯಿತು. ಈಗ ಎರಡು ಗ್ರಹಗಳೂ ಚೊಕ್ಕವಾಗಿ ಕಂಡವು. ನಡುವೆ ಏನೂ ಇರಲಿಲ್ಲ.

“ಏಸಿಯಲ್ಲಿಟ್ಟದ್ದನ್ನು ಸೀದಾ ಈ ಸೆಕೆಗೆ ತಂದರೆ ಬೆವರದೆ ಇರುತ್ತದೆಯೇ? ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟ ಬೆವರುವುದಿಲ್ಲವೇ?” ಎಂದಳು ಹೆಂಡತಿ. “ಸಂಜೆಯೇ ತಂದು ತಾರಸಿಯಲ್ಲಿ ಇಟ್ಟಿದ್ದರೆ ಆಗುತ್ತಿತ್ತು.”

ಅವನ ಕಿವಿಗೆ ಅದು ಬೀಳಲಿಲ್ಲ. ಪತ್ರಿಕೆಯವರಿಗೆ ಏನು ಹೇಳುವುದು, ಬೀದಿಯಲ್ಲಿ ಹೇಗೆ ತಲೆಯೆತ್ತುವುದು ಎಂಬ ಚಿಂತೆಯಲ್ಲೇ ಮೆಟ್ಟಿಲಿಳಿದ. ಕೆಳಗೆ ಬಂದು ಲೆನ್ಸನ್ನು ಮತ್ತೆ ಏಸಿಯ ಕೆಳಗಿಟ್ಟು ಹೇಳಿದ: “ಎಲ್ಲ ಈ ಹಾಳು ಗಾಳಿಯ ಕೆಲಸ. ಇದಕ್ಕೆ ಈ ತಂಪು ಸಾಲದು. ಇನ್ನೂ ತಣ್ಣಗಿನ ಒಂದು ಪೆಟ್ಟಿಗೆ ತಂದು, ಅದರೊಳಗಿಟ್ಟು ಬೀಗ ಹಾಕಬೇಕು.”

ಸ್ವಾಮಿಗಳು ಕತೆ ನಿಲ್ಲಿಸಿದರು.

ಪೂವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ ಸ್ವಾಮೀ ಅವನು! ಹೆಂಡತಿ ಬಾಯಿ ಬಿಟ್ಟು ಹೇಳಿದರೂ ತಲೆಗೆ ಹೋಗಲಿಲ್ಲವಲ್ಲ. ಆಮೇಲೆ ಪೆಟ್ಟಿಗೆ ತಂದನೇ?”

“ಇನ್ನೂ ಇಲ್ಲ, ತರಲೇ ಎಂದು ಕೇಳಲು ಈಗ ಮಠಕ್ಕೆ ಬಂದು ಕೂತಿದ್ದಾನೆ,” ಎಂದರು ಸ್ವಾಮಿಗಳು.

ಪೂವಪ್ಪನ ನಗು ಅಲ್ಲಿಗೇ ನಿಂತಿತು.